ಒಂಟೆಯೋ ಒಂಟಿಯೋ

ಅಚ್ಚುಕೂಟದಲ್ಲಿ ಅವಳಿಗೆ ಭೂತಗನ್ನಡಿ ಎಂದೇ ಹೆಸರು. ಕರಡು ತಿದ್ದಲು ಕೂತರೆ ಒಂದು ಕೊಂಬು, ಒಂದು ದೀರ್ಘ ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಅಂಥವಳು ಎರಡೇ ಪದದ ಒಂದು ಚೀಟಿಯ ಮುಂದೆ ಕಂಗಾಲಾದಳು ಎಂದರೆ ನಂಬುವುದು ಕಷ್ಟ.

ಚೀಟಿ ಬರೆದವನು ಅವಳ ಅಣ್ಣ. ಗಂಟಲಿನ ಗೆಡ್ಡೆಯಿಂದ ಅವನ ಮಾತು ನಿಂತು ತಿಂಗಳಾಗಿತ್ತು. ಎರಡು ಬೀದಿ ಆಚೆಯ ಆಸ್ಪತ್ರೆಯಲ್ಲಿ ಅಂದು ಮಧ್ಯಾಹ್ನ ಒಂದೂವರೆಗೆ ಆಪರೇಷನ್. ಅಚ್ಚುಕೂಟದ ಚದುರಂಗ ಪಂದ್ಯದ ಕೊನೆಯ ಆಟ ಹಿಂದಿನ ದಿನ ಅರ್ಧಕ್ಕೆ ನಿಂತಿತ್ತು. ಅವಳು ಅದನ್ನು ಮುಗಿಸಬೇಕಿದ್ದುದೂ ಅಂದೇ, ಊಟದ ಬಿಡುವಿನಲ್ಲಿ. ಬೆಳಿಗ್ಗೆ ಆಟದ ಚಿತ್ರ ಬರೆದುಕೊಂಡು ಹೋಗಿ, "ಅಣ್ಣಾ, ಮಧ್ಯಾಹ್ನ ಏನ್ ಮಾಡ್ಲಿ?" ಎಂದಿದ್ದಳು. ಕೇಳಿದ್ದು ಆಟದ ನಡೆಯನ್ನೋ, ತಾನು ಎಲ್ಲಿರಬೇಕೆಂಬುದನ್ನೋ, ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಅವನು ಮಲಗಿದಲ್ಲೇ ಏನೋ ಗೀಚಿ ಕೊಟ್ಟ. ಅಷ್ಟರಲ್ಲಿ ನರ್ಸಮ್ಮ ಬಂದು ಅವಳನ್ನು ಹೊರಗಟ್ಟಿದಳು.

'ಒಂಟೆ ಬಿಡಬೇಡ.' ಹಾಗೆಂದು ಓದಿಕೊಂಡು ಹಗುರಾಗಿ ಬಂದಳು. ಆಟ ಕಲಿಸಿದ ಗುರುವೇ ಅವನು, ಇನ್ನೇನು ಹೇಳಿಯಾನು?

ಎದುರಾಳಿ ಬೈಂಡಿಂಗ್ ಮೇಸ್ತ್ರಿಗೆ ರಾಜನ ಜೊತೆ ಉಳಿದದ್ದು ಒಂದು ಕುದುರೆ, ಮೂರು ಕಾಲಾಳು. ಅವಳಿಗೆ ಒಂದು ಒಂಟೆ, ಮೂರು ಕಾಲಾಳು. ಕುದುರೆ ಕೊಟ್ಟು ಒಂಟೆ ಕೀಳಲು ಮೇಸ್ತ್ರಿ ಏನೇನೋ ಹೂಟ ಹೂಡಿದ. ಅವಳು ಬಗ್ಗಲಿಲ್ಲ. ಹಲಗೆಯ ಆ ಮೂಲೆಯಿಂದ ಈ ಮೂಲೆಗೆ ಒಂದೇ ಓಟದಲ್ಲಿ ಬರುವ ಒಂಟೆಯೆದುರು ಕುಪ್ಪಳಿಸುವ ಕುದುರೆಯ ಬೇಳೆ ಬೇಯಲಿಲ್ಲ. ಕೊನೆಗೆ ಅದು ಅಂಚಿಗೆ ಬಂತು. ನಡುವೆ ಎರಡು ಮನೆ ಬಿಟ್ಟು ಒಂಟೆಯನ್ನು ನಿಲ್ಲಿಸಿದಳು. ಕುದುರೆ ಹಾರಬಹುದಾದ ನಾಲ್ಕು ಮನೆಗೂ ಈಗ ಅದೊಂದೇ ಕಾವಲು.

"ಮುಗೀತು ಬಿಡಮ್ಮ ನನ್ ಕಥೆ," ಎಂದು ಮೇಸ್ತ್ರಿ ಗಡ್ಡ ಕೆರೆದುಕೊಂಡ. "ಪಾಪ, ಕುದುರೆ ಒಂಟಿ ಆಗ್ಹೋಯ್ತು."

ಒಂಟಿ. ಚೀಟಿಯಲ್ಲಿರುವುದು 'ಒಂಟಿ ಬಿಡಬೇಡ' ಎಂದಿದ್ದರೆ? ಚೀಟಿ ತೆಗೆದು ಟ ಅಕ್ಷರದ ತಲೆ ನೋಡಿದಳು. ಗುಡಿಸೋ, ಎತ್ವವೋ? ಬಿಡಬೇಡ ಎಂಬಲ್ಲಿ ಎರಡೂ ಇವೆಯಲ್ಲ ಎಂದು ಪಕ್ಕದ ಅಕ್ಷರಗಳಿಗೆ ಹೋಲಿಸಿದಳು. ಹಾಳಾದ್ದು, 'ಬಿ'ಯ ತಲೆಯೂ 'ಬೇ'ಯ ತಲೆಯೂ ಒಂದೇ ಥರದ ಸುರುಳಿ. ಬೆಳಕಿಗೆ ಹಿಡಿದಳು, ತಿರುಗಿಸಿದಳು. ಒಮ್ಮೆ ಒಂಟೆ ಎನ್ನಿಸಿತು, ಮರುಕ್ಷಣ ಒಂಟಿ. ಗಡಿಯಾರದಲ್ಲಿ ಒಂದೂಕಾಲು.

ಕರಡು ತಿದ್ದುವವರಿಗೆ ಒಂದು ಪಾಠವಿದೆ: ಅಕ್ಷರ ಅನುಮಾನವಾದರೆ ಊಹಿಸಬಾರದು, ಬರೆದವರನ್ನೇ ಕೇಳಬೇಕು. ಅವಳು ಎದ್ದಳು.

"ಎದ್ರೆ ಸೋತ ಹಾಗೆ, ನೋಡು," ಎಂದ ಮೇಸ್ತ್ರಿ. ಅವಳೇಕೆ ಎದ್ದಳೋ ಅವನಿಗೆ ಅರ್ಥವಾಗಲಿಲ್ಲ.

ಬಿದ್ದಂಬೀಳ ಓಡಿ ಆಸ್ಪತ್ರೆ ಸೇರುವಾಗ ಅಣ್ಣ ಮಲಗಿದ್ದ ಗಾಡಿ ಆಪರೇಷನ್ ಕೋಣೆಯ ಬಾಗಿಲಲ್ಲಿತ್ತು. "ಇದು ಒಂಟೆನಾ, ಒಂಟಿನಾ?" ಎಂದು ಏದುಸಿರು ಬಿಡುತ್ತ ಚೀಟಿ ಮುಂದೆ ಹಿಡಿದಳು. ಅವನು ಚೀಟಿಯನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದ. ಅವಳ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ಕಿತ್ತುಕೊಂಡು ಅದರ ಕೆಳಗೇ ಬರೆದ: 'ಗೆಲ್ಲೋ ಆಟ ಬಿಟ್ಟು ಬಂದ್ಯಾ, ಪೆದ್ದಿ?'

ಅವಳಿಗೆ ಅವಮಾನದಿಂದ ಅಳು ಬಂತು. ನರ್ಸಮ್ಮ ಗಾಡಿ ತಳ್ಳಿದಳು. ಅದರ ಜೊತೆಗೇ ತಂಗಿಯನ್ನೂ ಒಂದು ಹೆಜ್ಜೆ ಎಳೆದಂತಾಯಿತು. ಅಣ್ಣನ ಎಡಗೈ ಅವಳ ತೋಳಿನ ಬಟ್ಟೆಯನ್ನು ಮುಷ್ಟಿ ಕಟ್ಟಿ ಹಿಡಿದಿತ್ತು. ನರ್ಸಮ್ಮ ಒಂದೊಂದೇ ಬೆರಳು ಬಿಡಿಸಬೇಕಾಯಿತು.