ಲೆಕ್ಕಕ್ಕಿಲ್ಲದ ಓಟ

ದುಡ್ಡು ಹೆಚ್ಚಾದಾಗ ಉಚ್ಚೆಂಗಪ್ಪ ಸಾಹುಕಾರರು ಹೆಲಿಕಾಪ್ಟರ್ ತಂದರು. ಅದು ಹಳೆಯದಾದಾಗ ವಿಮಾನ ಬೇಕೆನಿಸಿ, ಸಂಡೂರಿನ ದಾರಿಯಲ್ಲಿ ತಮ್ಮ ಅದಿರಿನ ಯಾರ್ಡಿಗೆ ಅಂಟಿಕೊಂಡಂತೆ ರನ್‌ವೇ ಮಾಡಿಸಿದರು. ವಿಮಾನ ಮಾತ್ರ ಬರಲಿಲ್ಲ. ಖಾಲಿ ರನ್‌ವೇ ನೋಡಿ ನೋಡಿ ಹೊಟ್ಟೆ ಉರಿದಿರಬೇಕು, ಕಾರಿನ ರೇಸ್ ಇಡಿಸಿಯೇಬಿಟ್ಟರು. ಗುಡ್ಡ ಗುಡ್ಡವೇ ಅದಿರಾಗಿ ಚೀನಾಕ್ಕೆ ಹೋಗುತ್ತಿದ್ದ ಆ ವರ್ಷಗಳಲ್ಲಿ ಇಂಥದ್ದಕ್ಕೆಲ್ಲ ಯಾರೂ ಮೂಗಿನ ಮೇಲೆ ಬೆರಳಿಡುತ್ತಿರಲಿಲ್ಲ.

ಚೆನ್ನೈಯಿಂದ ಲಾರಿಗಳಲ್ಲಿ ಹತ್ತು ಕಾರು ಬಂದವು. ಇಪ್ಪತ್ತು ವರ್ಷ ಹಳೆಯ ಮಾಲು. ನಾಲ್ಕೂ ಚಕ್ರ ಹೊರಗೆ, ಡ್ರೈವರನ ತಲೆ ಹೊರಗೆ, ಸೀಟು ಒಂದೇ. ನೋಡಲು ಬಂದಿದ್ದ ಕಂಪ್ಲಿಯ ಮುದುಕಿಯೊಬ್ಬಳು, "ಅಲ್ರೀ, ಹೇಣ್ತಿ ಎಲ್ಲಿ ಕುಂದ್ರಬೇಕು?" ಅಂತ ಕೇಳಿ ಎಲ್ಲರನ್ನೂ ನಗಿಸಿದಳು. ಟಯರುಗಳಲ್ಲಿ ಒಂದು ಗೆರೆ ಕೂಡ ಇರಲಿಲ್ಲ, ನುಣ್ಣಗೆ ಬೋಳು. ಇಷ್ಟು ದುಡ್ಡಿದ್ದೂ ಬೋಳು ಟಯರು ಹಾಕ್ಯಾರಲ್ಲ ಅಂತ ನಮ್ಮ ಟಿಪ್ಪರ್ ಡ್ರೈವರುಗಳು ಲೊಚಗುಟ್ಟಿದರು. ಒಣ ರಸ್ತೆಯಲ್ಲಿ ಅವು ಅಂಟಿನಂತೆ ಹಿಡಿಯುತ್ತವೆ, ಒದ್ದೆಯಲ್ಲಿ ಮಾತ್ರ ದೇವರೇ ಗತಿ ಎಂದು ನನಗೆ ಹೇಳಿದವನು ನನ್ನ ತಮ್ಮ ಪಂಪೇಶ.

ಈ ರೇಸು ಯಾವ ಚಾಂಪಿಯನ್‌ಶಿಪ್ಪಿಗೂ ಸೇರಿದ್ದಲ್ಲ. ಗೆದ್ದವರಿಗೆ ಒಂದು ಪಾಯಿಂಟೂ ಇಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನುತ್ತೇವಲ್ಲ, ಹಾಗೆ. ಬಂದ ಡ್ರೈವರುಗಳೂ ಒಂದು ಕೈ ಸ್ಟೀರಿಂಗಿನ ಮೇಲೆ, ಒಂದು ಕೈ ಬಿರಿಯಾನಿಯ ಮೇಲೆ ಅನ್ನುವ ಹಾಗಿದ್ದರು. ಲೆಕ್ಕವಿದ್ದದ್ದು ಪಂಪೇಶನೊಬ್ಬನಿಗೆ.

ಅವನು ಗುಡ್ಡದ ಮೇಲಿಂದ ಅದಿರು ಇಳಿಸುವ ಟಿಪ್ಪರ್ ಓಡಿಸುತ್ತಿದ್ದ. ಒಂದು ಟ್ರಿಪ್ಪಿಗೆ ಹಿಡಿದ ಬ್ರೇಕು ಮುಂದಿನ ಟ್ರಿಪ್ಪಿಗೆ ಹಿಡಿಯುತ್ತಿರಲಿಲ್ಲ. ಜೊತೆಯ ಹುಡುಗರಿಬ್ಬರು ಅದೇ ಇಳಿಜಾರಿನಲ್ಲಿ ಸತ್ತುಹೋಗಿದ್ದರು. "ಅಕ್ಕಾ, ನಾ ಇದರಾಗ ಮುದುಕ ಆಗಂಗಿಲ್ಲ" ಅಂತ ಉಣ್ಣುತ್ತಾ ಉಣ್ಣುತ್ತಾ ಹೇಳುತ್ತಿದ್ದ, ಉಪ್ಪು ಕಡಿಮೆ ಅಂದಷ್ಟು ಸಲೀಸಾಗಿ.

ಶುಕ್ರವಾರ ಚೆನ್ನೈ ಡ್ರೈವರನೊಬ್ಬನಿಗೆ ನಮ್ಮ ಧೂಳು ಹತ್ತಿ ಕೆಮ್ಮು ಹಿಡಿಯಿತು, ಮಲಗಿಬಿಟ್ಟ. ಕಾರು ತಳ್ಳುವುದಕ್ಕೆ ಹೋಗಿದ್ದ ಪಂಪೇಶನನ್ನು ಟೀಮಿನ ಮ್ಯಾನೇಜರ್ ಸೆಲ್ವಂ ಸುಮ್ಮನೆ ಕೂರಿಸಿ ನೋಡಿದ. ಶನಿವಾರದ ಪ್ರಾಕ್ಟೀಸಿನಲ್ಲಿ ಎಲ್ಲರಿಗಿಂತ ಜಲ್ದಿ ಸುತ್ತಿ ಬಂದವನು ನನ್ನ ತಮ್ಮ. ಸೆಲ್ವಂ ಬಾಯಿ ತೆರೆದವನು ಮುಚ್ಚಲಿಲ್ಲವಂತೆ. "ನಾಳೆ ಮೊದಲ ಮೂವರಲ್ಲಿ ಬಾ ತಂಬಿ, ಕರಕೊಂಡು ಹೋಗ್ತೀನಿ. ನಿಜವಾದ ಚಾಂಪಿಯನ್‌ಶಿಪ್ಪಿಗೆ" ಅಂದ. ಅಂದು ರಾತ್ರಿ ಪಂಪೇಶ ಉಣ್ಣಲೇ ಇಲ್ಲ. ಬದುಕುವುದಕ್ಕೆ ಇನ್ನೊಂದು ದಾರಿ ಉಂಟು ಅನ್ನುವುದನ್ನು ಆ ಮುಖದಲ್ಲಿ ಅಂದೇ ಮೊದಲು ಕಂಡೆ.

ನಾನು ಯಾರ್ಡಿನ ಗೇಟಿನಲ್ಲಿ ಟಿಪ್ಪರುಗಳಿಗೆ ಬಾವುಟ ತೋರಿಸುವವಳು. ರೇಸಿನವರಿಗೂ ಬಾವುಟದವರು ಬೇಕಾಗಿದ್ದರಿಂದ ನಮ್ಮನ್ನೇ ಹಿಡಿದು ಒಂದೊಂದು ತಿರುವಿಗೆ ನಿಲ್ಲಿಸಿದರು. ಹಳದಿ ಅಂದರೆ ಮುಂದೆ ಅಪಾಯವಿದೆ, ಹುಷಾರು. ಕೆಂಪು ಅಂದರೆ ಓಟವೇ ಬಂದ್, ಎಲ್ಲರೂ ನಿಲ್ಲಬೇಕು. ಕಲಿಯುವುದು ಕಷ್ಟವೇನಲ್ಲ. ಕಷ್ಟ ತಂದದ್ದು ನಮ್ಮ ಧೂಳು. ಎರಡು ದಿನದಲ್ಲಿ ಹಳದಿ ಬಾವುಟ ಕೆಂಪಾಯಿತು, ಬಿಳಿ ಕೆಂಪಾಯಿತು. ನಮ್ಮಲ್ಲಿ ಎಮ್ಮೆಯೇ ಕೆಂಪಾಗಿರುವಾಗ ಬಟ್ಟೆಯ ಪಾಡೇನು? ಒಗೆದರೆ ಬಣ್ಣ ಇನ್ನೂ ಗಟ್ಟಿಯಾಗಿ ಹಿಡಿಯಿತು.

ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಬಂದಿದ್ದ ರೇಸಿನ ಅಧಿಕಾರಿಗೆ ಬಾವುಟ ತೋರಿಸಿ, "ಹೊಸಾವು ತರಿಸ್ರಿ ಸರ" ಅಂದೆ. ಅವನು ಗಡಿಯಾರ ನೋಡಿಕೊಂಡ. ಆಮೇಲೆ ಡ್ರೈವರುಗಳನ್ನೆಲ್ಲ ಶಾಮಿಯಾನದ ಕೆಳಗೆ ಸೇರಿಸಿ ಹೇಳಿದ: "ತಿರುವುಗಳಲ್ಲಿ ಕೆಂಪು ಕಂಡರೆ ಹಳದಿ ಅಂತ ತಿಳೀರಿ. ಯಾರೂ ನಿಲ್ಲಬೇಕಾಗಿಲ್ಲ. ನಿಜವಾದ ಕೆಂಪು ವೇದಿಕೆಯ ಮುಂದೆ ಮಾತ್ರ, ಸಾಹುಕಾರರ ಕೈಯಲ್ಲಿ." ಎಲ್ಲರೂ ತಲೆಯಾಡಿಸಿದರು. ಪಂಪೇಶನೂ ಆಡಿಸಿದ.

ನನಗೆ ಸಿಕ್ಕಿದ್ದು ಅದಿರಿನ ಗುಡ್ಡೆಯ ಹಿಂದಿನ ತಿರುವು. ರನ್‌ವೇ ಮುಗಿಸಿ ಯಾರ್ಡಿನ ರಸ್ತೆಗೆ ನುಗ್ಗುವ ಕಾರುಗಳಿಗೆ ಗುಡ್ಡೆ ಸುತ್ತುವ ತನಕ ಮುಂದೇನಿದೆ ಕಾಣುವುದಿಲ್ಲ. ವೇದಿಕೆಯಲ್ಲಿದ್ದವರಿಗೂ ನಾನು ಕಾಣುತ್ತಿರಲಿಲ್ಲ.

ಓಟ ಶುರುವಾಯಿತು. ಮೊದಲ ಸುತ್ತಿಗೆ ಪಂಪೇಶ ಐದನೆಯವನಾಗಿ ನನ್ನ ಮುಂದೆ ಹಾದುಹೋದ. ಆಮೇಲೆ ಮೂರನೆಯವನಾದ. ಅರ್ಧ ಓಟ ಮುಗಿಯುವಷ್ಟರಲ್ಲಿ ಎಲ್ಲರಿಗಿಂತ ಮುಂದಿದ್ದ. ಬಾವುಟ ಕಂಕುಳಲ್ಲಿಟ್ಟುಕೊಂಡು ಸಿಳ್ಳೆ ಹೊಡೆದೆ. ನಲವತ್ತರ ಹೆಂಗಸು ಸಿಳ್ಳೆ ಹೊಡೆದರೆ ನಗುವವರು ನಗಲಿ ಅನಿಸಿತು.

ಅತ್ತ ವೇದಿಕೆಯ ಮೇಲಿದ್ದ ದೊಡ್ಡವರೆಲ್ಲ ಧೂಳಿಗೆ ಕರ್ಚೀಫು ಮೂಗಿಗಿಟ್ಟುಕೊಂಡಿದ್ದರಂತೆ. ಸಾಹುಕಾರರಿಗೆ ಅವಮಾನವಾಯಿತು. "ಲೇ, ಧೂಳಿಗೆ ನೀರು ಹೊಡಸ್ರಲೇ!" ಅಂತ ಫೋನಿನಲ್ಲಿ ಕೂಗಿದರು. ಯಾರ್ಡಿನಲ್ಲಿ ಆ ಮಾತಿಗೆ ಒಂದೇ ಅರ್ಥ. ಧೂಳೆದ್ದರೆ ಟ್ಯಾಂಕರ್ ಹೋಗುತ್ತದೆ, ವರ್ಷದ ಮುನ್ನೂರು ದಿನವೂ ಹೋಗುತ್ತದೆ. ಟ್ಯಾಂಕರಿನ ಗಾದಿಲಿಂಗಪ್ಪ, ಬುಕ್ಕಸಾಗರದ ಮುದುಕ, ಕ್ರಷರಿನ ಸದ್ದಿಗೆ ಕಿವಿ ಕಳಕೊಂಡವನು, ಹೇಳಿದ ಕೆಲಸಕ್ಕೆ ಎದ್ದು ಬಂದ. ಹಿಂದಿನ ಗೇಟಿನಿಂದ ತುಂಬಿದ ಟ್ಯಾಂಕರ್ ನಿಧಾನಕ್ಕೆ ರಸ್ತೆಗಿಳಿಯಿತು, ನೀರು ಎರಡೂ ಕಡೆ ಚಿಮ್ಮಿಸುತ್ತಾ, ನೇರ ನನ್ನ ತಿರುವಿಗೆ.

ಆ ಸುತ್ತಿನ ಕೊನೆಯ ಕಾರು ಆಗಷ್ಟೇ ದಾಟಿ ಹೋಗಿತ್ತು. ಓಡಿಹೋಗಿ ಬಾಗಿಲು ಬಡಿದೆ. "ಮುತ್ಯಾ, ತೆಗೀ! ಗಾಡಿ ತೆಗೀ!" ಮುದುಕನಿಗೆ ಕೇಳಲಿಲ್ಲ. ನನ್ನ ಮಾತು ಕೇಳಿಸಿಕೊಳ್ಳಲೆಂದು ಆ ಪುಣ್ಯಾತ್ಮ ನಡುರಸ್ತೆಯಲ್ಲೇ ಬ್ರೇಕ್ ಹಾಕಿ ನಿಂತ. "ಏನವ್ವಾ?" ಅಂದ. ಕೈಸನ್ನೆ ಮಾಡಿದೆ, ಅತ್ತೆ, ಬೈದೆ. ಕೊನೆಗೆ ತಿಳಿದು ರಿವರ್ಸ್ ಹಾಕಿದ. ಅವನು ಹೊಡೆದ ನೀರಿನಲ್ಲೇ ಅವನ ಚಕ್ರ ಗರಗರ ತಿರುಗಿತು. ಗಾಡಿ ಅಲ್ಲಾಡಲಿಲ್ಲ. ರಸ್ತೆಯ ಮೇಲೆ ಕೆಂಪು ಕೆಸರು ಎಣ್ಣೆಯಂತೆ ಹರಿಯುತ್ತಿತ್ತು.

ರನ್‌ವೇಯ ಕಡೆಯಿಂದ ಕಾರಿನ ಸದ್ದು ಬಂತು. ಮೊದಲು ಬರುವವನು ಯಾರೆಂದು ನನಗೆ ಗೊತ್ತಿತ್ತು.

ಗುಡ್ಡೆ ಸುತ್ತಿ ಈಚೆಗೆ ಓಡಿದೆ. ಬಾವುಟ ಬೀಸಿದೆ, ಎರಡೂ ಕೈಯಲ್ಲಿ ಬೀಸಿದೆ. ಬೀಸುತ್ತಿರುವಾಗಲೇ ನೆನಪಾಯಿತು. ಇದಕ್ಕೆ ನಿಲ್ಲಬೇಡ ಅಂತ ಅವನಿಗೆ ಹೇಳಿಯಾಗಿದೆ. ಸ್ವಲ್ಪ ಹುಷಾರಾಗಿ ಬರುತ್ತಾನೆ, ಬಂದು ನೇರ ಟ್ಯಾಂಕರಿನ ಕೆಳಗೆ ಹೋಗುತ್ತಾನೆ. ಆ ಕಾರಿನ ಎತ್ತರ ನನ್ನ ಮೊಣಕಾಲಷ್ಟು. ಟ್ಯಾಂಕರಿನ ಅಡಿಗೆ ಕಾರು ತೂರುತ್ತದೆ, ಹೊರಗಿರುವುದು ಅವನ ತಲೆ. ಸೀರೆ ಬಿಚ್ಚಿ ಬೀಸಲೇ ಅಂದುಕೊಂಡೆ, ಸೀರೆಯೂ ಕೆಂಪಾಗಿತ್ತು. ಬಾವುಟ ಎಸೆದು ನಡುರಸ್ತೆಗೆ ಹೋಗಿ ಕೈ ಅಗಲಿಸಿ ನಿಂತೆ. ಕಣ್ಣು ಮುಚ್ಚಲಿಲ್ಲ. ಪಂಪಾಪತಿ ದೇವರೇ, ನನ್ನ ಮೇಲೆ ಹಾಯಿಸು, ಅವನನ್ನು ಬಿಡು ಅಂದೆ.

ನನ್ನನ್ನು ಕಂಡದ್ದೇ ಅವನು ಬ್ರೇಕ್ ತುಳಿದ. ಕಾರು ಎರಡು ಸುತ್ತು ಗಿರ್ರನೆ ತಿರುಗಿತು, ಧೂಳಿನಲ್ಲಿ ಎಲ್ಲಾ ಮುಳುಗಿತು. ಧೂಳು ಇಳಿದಾಗ ಅದು ನನ್ನಿಂದ ಒಂದು ಮಾರು ದೂರದಲ್ಲಿ ಅಡ್ಡಡ್ಡ ನಿಂತಿತ್ತು. ಎಂಜಿನ್ ಆಫಾಗಿತ್ತು. ಅವನು ಬದುಕಿದ್ದ. ನಾನು ಅಲ್ಲೇ ನೆಲಕ್ಕೆ ಕೂತೆ.

ಹಿಂದೆ ಬಂದವರು ರಸ್ತೆಗೆ ಅಡ್ಡವಾಗಿದ್ದ ಅವನ ಕಾರು ಕಂಡು ನಿಧಾನ ಮಾಡಿದರು. ನಿಧಾನ ಮಾಡಿದ್ದರಿಂದ ಟ್ಯಾಂಕರ್ ಕಂಡಿತು. ಗುಡ್ಡೆಗೂ ಟ್ಯಾಂಕರಿಗೂ ನಡುವಿನ ಸಂದಿಯಲ್ಲಿ ಒಬ್ಬರ ಹಿಂದೊಬ್ಬರು ತೂರಿಕೊಂಡು ಹೋದರು. ಒಬ್ಬ ಕೈ ಬೀಸಿ ಥ್ಯಾಂಕ್ಸ್ ಬೇರೆ ಹೇಳಿದ. ವೇದಿಕೆಯ ಮುಂದೆ ಕೆಂಪು ಬಾವುಟ ಏಳಲಿಲ್ಲ. ಓಟ ನಡೆದೇ ಇತ್ತು.

"ಅಕ್ಕಾ, ತಳ್ಳು!" ಅಂತ ಪಂಪೇಶ ಚೀರಿದ. ಆ ಕಾರುಗಳಿಗೆ ಸೆಲ್ಫ್ ಇಲ್ಲ, ತಳ್ಳಿಯೇ ಶುರು ಮಾಡಬೇಕು. "ತಳ್ಳಕ್ಕಾ, ಇನ್ನೂ ಟೈಮೈತಿ! ಮೂರನೇದಾಗ ಬಂದ್ರೂ ಸಾಕು!"

ಎದ್ದು ತಳ್ಳಿದೆ. ಅವನನ್ನು ನಿಲ್ಲಿಸಿದ ಕೈಗಳಿಂದಲೇ ತಳ್ಳಿದೆ. ಟ್ಯಾಂಕರಿನ ಕೆಸರು ಸೇರಿದಾಗ ಚಪ್ಪಲಿ ಜಾರಿ ಮಕಾಡೆ ಬಿದ್ದೆ, ಚಪ್ಪಲಿ ಬಿಸಾಕಿ ಮತ್ತೆ ತಳ್ಳಿದೆ. ಗಾದಿಲಿಂಗಪ್ಪನೂ ಇಳಿದು ಬಂದು ಭುಜ ಕೊಟ್ಟ. ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಕಾರುಗಳು ಮತ್ತೊಂದು ಸುತ್ತು ಬಂದವು, ಹೋದವು. ಇನ್ನೊಮ್ಮೆ ಬಂದವು. ಪಂಪೇಶ "ತಳ್ಳು, ತಳ್ಳು" ಅನ್ನುತ್ತಲೇ ಇದ್ದ, ಆಮೇಲೆ ಅದು ಅಳುವಾಯಿತು. ಉಸಿರು ಕಟ್ಟಿ ನನ್ನ ಬಾಯಲ್ಲಿ ರಕ್ತದ ರುಚಿ ಬರುವವರೆಗೂ ನಾನು ಬಿಡಲಿಲ್ಲ. ಗೆದ್ದವನಿಗೆ ಪಟಾಕಿ ಹಚ್ಚಿದ ಸದ್ದು ಕೇಳಿದ ಮೇಲೆ ಗಾದಿಲಿಂಗಪ್ಪನೇ ನನ್ನ ಕೈ ಹಿಡಿದು ಬಿಡಿಸಿದ.

ಸೆಲ್ವಂನ ಕಾಲಿಗೆ ಬಿದ್ದೆ. ತಪ್ಪು ಅವನದಲ್ಲ ಸರ, ಟ್ಯಾಂಕರ್ ಬಂತು, ನಾನೇ ಅಡ್ಡ ನಿಂತೆ, ಎಲ್ಲರಿಗಿಂತ ಮುಂದಿದ್ದ ನೀವೇ ನೋಡೀರಿ ಅಂದೆ. ಅವನೇನು ಕೆಟ್ಟವನಲ್ಲ, ನನ್ನನ್ನು ಎಬ್ಬಿಸಿದ. "ಉಳಿದವರು ದಾಟಿ ಹೋದರಲ್ಲಮ್ಮ?" ಅಂದ. ದಾಟಿದ್ದು ಇವನು ನಿಂತಿದ್ದಕ್ಕೆ ಸರ ಅಂದರೆ ಅವನಿಗೆ ಅರ್ಥವಾಗಲಿಲ್ಲ, ಅಥವಾ ಆಗುವುದು ಬೇಕಿರಲಿಲ್ಲ. ಪಂಪೇಶನ ಬೆನ್ನು ತಟ್ಟಿ, "ಬೇಜಾರು ಬೇಡ ತಂಬಿ, ಇವತ್ತಿನದು ಯಾವ ಲೆಕ್ಕಕ್ಕೂ ಇಲ್ಲ" ಅಂತ ಸಮಾಧಾನ ಹೇಳಿ, ಮೂರನೆಯವನಾಗಿ ಬಂದ ಹುಡುಗನ ಹೆಗಲ ಮೇಲೆ ಕೈ ಹಾಕಿಕೊಂಡು ಶಾಮಿಯಾನಕ್ಕೆ ಹೋದ.

ಇಬ್ಬರೂ ಹೊಸಪೇಟೆಯ ಮನೆಗೆ ಬಂದೆವು. ಮಾರನೆಯ ಬೆಳಿಗ್ಗೆ ಪಂಪೇಶ ಟಿಪ್ಪರಿನ ಬೀಗದ ಕೈ ತಗೊಂಡು ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದ. ರೊಟ್ಟಿ ಗಂಟು ಕೊಟ್ಟು, "ಜೀವ ಉಳೀತಲ್ಲೋ ತಮ್ಮಾ, ಅಷ್ಟು ಸಾಕು" ಅಂದೆ.

ಅವನು ಇನ್ನೊಂದು ಬೂಟಿಗೆ ಕೈ ಹಾಕಿದ.

"ನೀ ಅಡ್ಡ ಬರದಿದ್ರ ಸಾಯ್ತಿದ್ದೆ, ಖರೆ," ಅಂದ. "ಆದ್ರ ಅಕ್ಕಾ, ಮೊದ್ಲನೇದಾಗಿದ್ದೆ."

ಕೆನ್ನೆಗೆ ಬಾರಿಸಿದೆ. ಚಿಕ್ಕಂದಿನಿಂದ ಅವನಿಗೆ ಹೊಡೆದವಳಲ್ಲ ನಾನು. ಹೊಡೆದವಳೇ ಅವನ ತಲೆಯನ್ನು ಹೊಟ್ಟೆಗೆ ಅವುಚಿ ಹಿಡಿದುಕೊಂಡೆ, ಹೋಗಬ್ಯಾಡ ಅಂದೆ, ಗುಡ್ಡಕ್ಕೆ ಹೋಗಬ್ಯಾಡ. ಅವನು ಮೆಲ್ಲಗೆ ನನ್ನ ಬೆರಳು ಒಂದೊಂದಾಗಿ ಬಿಡಿಸಿಕೊಂಡು, ರೊಟ್ಟಿ ಗಂಟು ತಗೊಂಡು ಎದ್ದು ಹೋದ.