ಆರಿದ ಅನ್ನ

“ನಮ್ಮನೆ ಒಲೆ ಉರಿಯೋ ತನಕ ನೀನು ಒಲೆ ಹಚ್ಚಬೇಡ ಕಣೋ. ನಿಂದೂ ಮಗೂದೂ ಊಟ ಈ ಮನೇದು. ಮಾತು ಕೊಟ್ಟಿದೀನಿ.”

ಅಮ್ಮಾವರು ಹೀಗೆ ಹೇಳಿದ್ದು ನಾನು ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನ. ಅವರ ಮನೆಯ ಗೇಟು ಕಾಯುವ ಕೆಲಸ ನನ್ನದು. ಬೇರೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗೇಟಿನ ಹತ್ತಿರವೇ ಬಂದು ಕೂತಿದ್ದೆ. ಇನ್ನೂ ಹಲ್ಲು ಬಾರದ ಮಗಳು ನನ್ನ ಹೆಗಲ ಮೇಲೆ ಜೊಲ್ಲು ಸುರಿಸುತ್ತ ಮಲಗಿದ್ದಳು.

ಅಮ್ಮಾವರು ಕೊಟ್ಟ ಮಾತಿಗೆ ಒಂದು ಬಾಲವೂ ಇತ್ತು. “ಅಲ್ದೆ ನೀನಿರೋದು ಕಾರ್ ಶೆಡ್ಡಿನ ಪಕ್ಕದ ರೂಮು. ಪೆಟ್ರೋಲು ಗಿಟ್ರೋಲು ಇರುತ್ತೆ. ಒಲೆ ಹಚ್ಚಲ್ಲ ಅಂತ ನೀನೂ ಮಾತು ಕೊಡು.”

“ಹಚ್ಚಲ್ಲ ಅಮ್ಮಾವ್ರೇ. ಮಗು ಆಣೆ.” ಮಗುವಿನ ತಲೆಯ ಮೇಲೆ ಕೈಯಿಟ್ಟೇ ಹೇಳಿದೆ. ಆ ಹೊತ್ತಿನಲ್ಲಿ ಅವರು ನನಗೆ ಹೆತ್ತ ತಾಯಿಯ ಹಾಗೆ ಕಂಡಿದ್ದರು.

ಅವರು ಮಾತಿಗೆ ತಪ್ಪಲಿಲ್ಲ. ಅಡುಗೆಮನೆಯ ಹಿಂಬಾಗಿಲ ಪಕ್ಕದ ಗೋಡೆಗೆ ಒಂದು ಮೊಳೆ, ಆ ಮೊಳೆಗೆ ನಮ್ಮ ಊಟದ ಕ್ಯಾರಿಯರ್. ಮನೆಯವರೆಲ್ಲ ಉಂಡು ಕೈ ತೊಳೆದ ಮೇಲೆ ನಾಯಿಗೆ. ಅದಕ್ಕೆ ಹೊತ್ತಿಗೆ ಸರಿಯಾಗಿ ಹಾಕಬೇಕು, ಡಾಕ್ಟರು ಹೇಳಿದ್ದರು. ಆಮೇಲೆ ಉಳಿದದ್ದನ್ನು ಅಡುಗೆಯಾಕೆ ಕ್ಯಾರಿಯರಿಗೆ ತುಂಬಿ ತೂಗುಹಾಕುತ್ತಿದ್ದಳು. ನೆಂಟರು ಬಂದರೆ ನಮ್ಮ ಮಧ್ಯಾಹ್ನದ ಊಟ ಸಂಜೆಗೆ. ಯಜಮಾನರೂ ಅಮ್ಮಾವರೂ ಜಗಳವಾಡಿ ಉಣ್ಣದೆ ಎದ್ದುಹೋದ ದಿನ ನಮಗೆ ಎರಡು ಹೊಟ್ಟೆ ತುಂಬುವಷ್ಟು. ಮೇಲೆ ಬಾಗಿಲು ಧಡ್ ಎಂದು ಬಡಿದ ಸದ್ದಾದರೆ ಕೆಳಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಹೇಳಿಕೊಳ್ಳುವ ಮಾತಲ್ಲ ಇದು.

ಸಂಬಳ ಹೆಚ್ಚು ಮಾಡಿ ಎಂದು ಕೇಳಿದಾಗಲೆಲ್ಲ ಯಜಮಾನರು ಪೇಪರಿನಿಂದ ತಲೆ ಎತ್ತದೆ ಹೇಳುತ್ತಿದ್ದರು: “ನಿಂಗೇನೋ ಖರ್ಚು ಗೇಟೂ? ಊಟ ನಮ್ದು, ರೂಮು ನಮ್ದು, ಮೈಮೇಲಿನ ಬಟ್ಟೆ ನಮ್ದು. ನಿಂದು ಅಂತ ಇರೋದು ಹೊಟ್ಟೆ ಒಂದೇ.”

ಗೇಟು ಎಂದರೆ ನಾನು. ಗೇಟು ತೆಗೆಯುವವನಿಗೆ ಇನ್ನೊಂದು ಹೆಸರು ದಂಡ ಎನಿಸಿರಬೇಕು. ಮಗಳು ಎದ್ದು ಓಡಾಡುವಂತಾದಾಗ ಆ ಮನೆಯಲ್ಲಿ ಅವಳು ‘ಗೇಟಿನ ಮರಿ’ ಆದಳು.

ಒಂದು ಸಲ ಬೀದಿಯ ಮಕ್ಕಳು ಅಡುಗೆ ಆಟ ಆಡುತ್ತಿದ್ದರು. ಒಬ್ಬಳು ಕಲ್ಲು ಜೋಡಿಸಿ ಉಫ್ ಉಫ್ ಎಂದು ಇಲ್ಲದ ಬೆಂಕಿ ಊದಿದಳು. ಇನ್ನೊಬ್ಬಳು ಎಲೆ ಹೆಚ್ಚಿದಳು. “ನೀನು ಅನ್ನ ಮಾಡೇ” ಎಂದು ನನ್ನ ಮಗಳ ಕೈಗೆ ಖಾಲಿ ಡಬ್ಬ ಕೊಟ್ಟರು. ಅವಳು ಅದನ್ನು ಗಿಡದ ಕೊಂಬೆಗೆ ತೂಗುಹಾಕಿ ಕೆಳಗೆ ಕೈಕಟ್ಟಿ ಕೂತಳು.

“ಏನೇ ಮಾಡ್ತಿದೀಯಾ?”

“ಅನ್ನ. ತಡೀರೇ, ಮೊದ್ಲು ಅವರದು ಊಟ ಆಗ್ಲಿ.”

ಮಕ್ಕಳು ಬಿದ್ದು ಬಿದ್ದು ನಕ್ಕರು. ಗೇಟಿನಲ್ಲಿ ಕೂತಿದ್ದ ನಾನೂ ನಕ್ಕೆ. ಅಷ್ಟಕ್ಕೇ ಬಿಡದೆ ಅಡುಗೆಯಾಕೆಗೂ ಹೇಳಿ ನಗಿಸಿದೆ.

ಅದೇ ಮಗಳು ಈಗ ನನ್ನ ಭುಜದ ಎತ್ತರ. ಓದು ಮುಗಿದದ್ದೇ ಬೀದಿಯ ಕೊನೆಯಲ್ಲಿರುವ ಚೀಲ ಹೊಲಿಯುವ ಶೆಡ್ಡಿಗೆ ಕೆಲಸ ಕಲಿಯಲು ಸೇರಿಕೊಂಡಳು. ನನ್ನನ್ನು ಕೇಳಲಿಲ್ಲ. ನಾನು ಅಮ್ಮಾವರನ್ನು ಕೇಳಿ ಹೇಳುತ್ತೇನೆ ಅನ್ನುತ್ತೇನೆಂದು ಅವಳಿಗೆ ಗೊತ್ತಿತ್ತು. ಶೆಡ್ಡು ನಡೆಸುವವಳನ್ನು ಎಲ್ಲರೂ ಚೀಲದಕ್ಕ ಎನ್ನುತ್ತಾರೆ. ಬಾಯಿ ಜೋರು, ಕೈಗುಣ ಒಳ್ಳೆಯದು ಎಂಬ ಹೆಸರು.

ಮೊದಲ ದಿನ ಸಂಜೆ ಮಗಳು ಬಾಯಿ ಬಿಗಿದುಕೊಂಡು ಬಂದಳು. ಕ್ಯಾರಿಯರ್ ಬಿಚ್ಚಿ, ಆರಿ ಗಟ್ಟಿಯಾಗಿದ್ದ ಅನ್ನದ ಒಂದು ಉಂಡೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡು ಕೂತಳು.

“ಏನಾಯ್ತೇ?”

“ನಾಲಿಗೆ ಸುಟ್ಟಿತು.”

“ಏನು ತಿಂದೆ ಅಂಥಾದ್ದು?”

“ಅನ್ನ.”

ಅಲ್ಲಿ ಮಧ್ಯಾಹ್ನ ಹೆಂಗಸರು ಮೂಲೆಯಲ್ಲಿ ಒಟ್ಟಿಗೆ ಅಡುಗೆ ಮಾಡಿಕೊಳ್ಳುತ್ತಾರಂತೆ. ಒಲೆಯಿಂದ ಇಳಿಸಿದ್ದೇ ತಟ್ಟೆಗೆ. ಇವಳು ದಿನಾ ಮಾಡುವ ಹಾಗೆ ನಡುಮಧ್ಯಕ್ಕೆ ಕೈ ಹಾಕಿ, ತುತ್ತು ಎತ್ತಿ, ಬಾಯಿಗೆ ತುರುಕಿಕೊಂಡಿದ್ದಾಳೆ. ಹೊಗೆಯಾಡುತ್ತಿದ್ದುದು ಕಂಡಿತ್ತು. ಅದು ಏನು ಮಾಡುತ್ತದೆಂದು ಗೊತ್ತಿರಲಿಲ್ಲ.

“ಚೀಲದಕ್ಕ ಅಂದ್ಲು, ‘ಅಯ್ಯೋ ನಿನ್ನ, ಹುಟ್ಟಿದ ಮೇಲೆ ಬಿಸಿ ಅನ್ನ ಕಂಡೇ ಇಲ್ವೇನೇ?’ ಅಂತ. ಎಲ್ರೂ ನಕ್ರು ಅಪ್ಪಾ. ನಾನೂ ನಕ್ಕೆ. ಅಳು ಕಾಣಬಾರ್ದಲ್ಲ.”

ಆಮೇಲೆ ಕೇಳಿದಳು: “ಬಿಸಿ ಅನ್ನ ಹೇಗಪ್ಪಾ ತಿನ್ನೋದು?”

ಅಮ್ಮನ ಕೈಯಲ್ಲಿ ತಿಂದಿದ್ದೆ, ಹೆಂಡತಿಯ ಕೈಯಲ್ಲಿ ತಿಂದಿದ್ದೆ.

“ಆರಿಸ್ಕೊಂಡು ತಿನ್ನು,” ಎಂದೆ.

“ಆರಿದ್ದು ಇಲ್ಲೇ ಇದೆಯಲ್ಲ,” ಎಂದಳು ಮಗಳು.

ಆ ವಾರದಲ್ಲೇ ದೊಡ್ಡ ಮನೆಯ ಪಾತ್ರೆ ತೊಳೆಯುವಾಕೆ ಕೆಲಸ ಬಿಟ್ಟಳು. ನನಗೆ ಕರೆ ಬಂತು. ಹಜಾರದಲ್ಲಿ ನೆಂಟರು ಕೂತಿದ್ದರು. ಚಪ್ಪಲಿ ಬಿಟ್ಟು ಕಾಲೊರಸಿನ ಮೇಲೆ ನಿಂತೆ. ಅಲ್ಲಿಂದ ಒಳಗೆ ನನ್ನ ಪಾದ ಎಂದೂ ದಾಟಿಲ್ಲ.

“ಇವನೇ ನೋಡಿ,” ಎಂದರು ಅಮ್ಮಾವರು ನೆಂಟರಿಗೆ, “ಇವನ ಮಗಳೇ ಡಬ್ಬಾನ ಗಿಡಕ್ಕೆ ನೇತುಹಾಕಿ ಅನ್ನ ಆಗ್ಲಿ ಅಂತ ಕಾಯ್ತಾ ಕೂತಿದ್ದು!”

ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಅವರ ಜೊತೆ ಇನ್ನೊಂದು ನಗು ಕೇಳಿಸಿತು. ಅದು ನನ್ನದೇ.

“ನಾಳೆಯಿಂದ ಅವಳನ್ನ ಕಳಿಸು. ಪಾತ್ರೆ, ನೆಲ, ಬಟ್ಟೆ. ರಾತ್ರಿ ಇಲ್ಲೇ ಮಲಗ್ಲಿ, ನಮ್ಮತ್ತೇನ ಎಬ್ಬಿಸಿ ಕೂರಿಸೋಕೆ ಒಬ್ರು ಬೇಕು.”

“ಅವಳು ಚೀಲದ ಶೆಡ್ಡಿಗೆ ಹೋಗ್ತಿದಾಳೆ ಅಮ್ಮಾವ್ರೇ… ಕೆಲಸ ಕಲೀತಿದಾಳೆ…”

“ಯಾರನ್ನ ಕೇಳಿ ಕಳಿಸಿದೆ?”

ಕಾಲೊರಸಿನ ನಾರು ನೋಡುತ್ತ ನಿಂತೆ. ಯಜಮಾನರು ಲೋಟ ಕುಕ್ಕಿದರು.

“ಲೋ ಬೋಳಿಮಗನೇ, ಆ ಹುಡುಗಿ ಮೈಯಲ್ಲಿರೋದು ಯಾರ ಅನ್ನವೋ? ಒಂದಗುಳು ನೀನು ಬೇಯಿಸಿ ಹಾಕಿದೀಯೇನೋ? ಹಾಕಿದ್ರೆ ಹೇಳು, ಈಗ್ಲೇ ಬಿಟ್ಟುಬಿಡ್ತೀನಿ.”

ಹಾಕಿರಲಿಲ್ಲ. ಅದೇ ನಿಜ.

“ಉಪ್ಪು ತಿಂದ ಮನೆಗೇ ಎರಡು ಬಗೀತಾರೆ ಈಗಿನೋರು,” ಎಂದು ನೆಂಟರೊಬ್ಬರು ನಿಟ್ಟುಸಿರುಬಿಟ್ಟರು.

“ಆಗ್ಲಿ ಅಮ್ಮಾವ್ರೇ,” ಎಂದೆ.

ಹಿಂಬಾಗಿಲಲ್ಲಿ ಅಡುಗೆಯಾಕೆ ಕ್ಯಾರಿಯರನ್ನು ಕೈಗೇ ಕೊಟ್ಟಳು. ಮೊಳೆಗೆ ಹಾಕದೆ ಕೈಗೆ ಕೊಟ್ಟದ್ದು ಅದೇ ಮೊದಲು.

“ಮಾಂಸದ ತುಂಡು ಜಾಸ್ತಿ ಹಾಕಿದೀನಿ. ಅಮ್ಮಾವ್ರೇ ಹಾಕು ಅಂದ್ರು.” ಆಮೇಲೆ ದನಿ ತಗ್ಗಿಸಿದಳು. “ನಾನಂತೂ ಇಲ್ಲೇ ಬೆಂದುಹೋದೆ. ಆ ಮಗೂನೂ ಯಾಕಯ್ಯಾ ತಂದು ತಳ್ತೀಯಾ? ನಿನ್ನ ನಾಲಿಗೆಗೆ ಲಕ್ವ ಹೊಡೆದಿತ್ತಾ?”

ರೂಮಿನಲ್ಲಿ ಮಗಳು ನೆಲದ ಮೇಲೆ ಬಟ್ಟೆಯ ಚೂರು ಹರಡಿಕೊಂಡು ಹೊಲಿಗೆ ಅಭ್ಯಾಸ ಮಾಡುತ್ತಿದ್ದಳು. ನನ್ನ ಮುಖ ನೋಡಿದ್ದೇ ಸೂಜಿ ಕೆಳಗಿಟ್ಟಳು.

“ಏನಂದ್ರು?”

“ನಾಳೆಯಿಂದ ಅಲ್ಲಿ ಕೆಲಸಕ್ಕೆ ಬರ್ಬೇಕಂತೆ ನೀನು.”

“ನೀನೇನಂದೆ?”

“ಆಗ್ಲಿ ಅಂದೆ.”

ಅವಳು ಕ್ಯಾರಿಯರಿನ ಮುಚ್ಚಳ ತೆಗೆದು ನೋಡಿದಳು.

“ನನ್ನ ಬದಲಿಗೆ ಬಂದದ್ದಾ ಇದು?”

ಮುಚ್ಚಿ ನನ್ನ ಕಡೆಗೆ ಸರಿಸಿದಳು. “ನೀನು ತಿನ್ನಪ್ಪಾ. ನಂಗೆ ಬೇಡ.”

ಅವಳು ಗೋಡೆ ಕಡೆ ತಿರುಗಿ ಮಲಗಿದಳು. ನನಗೆ ಹಸಿವಾಗಿತ್ತು. ತಿಂದೆ. ತುಂಡುಗಳು ಮೆತ್ತಗಿದ್ದವು, ರುಚಿಯಾಗಿದ್ದವು. ಅವಳ ಪಾಲಿನದನ್ನೂ ತಿಂದೆ.

ಬೆಳಿಗ್ಗೆ ಏಳುವಾಗ ಅವಳ ಹಾಸಿಗೆ ಖಾಲಿ. ಹೇಳಿದ ಮಾತು ಕೇಳಿ ದೊಡ್ಡ ಮನೆಗೆ ಹೋಗಿದ್ದಾಳೆ ಎಂದುಕೊಂಡೆ. ಒಂದು ಕ್ಷಣ ಸಮಾಧಾನವೂ ಆಯಿತು. ಆಮೇಲೆ ನೋಡಿದರೆ ಗೇಟಿನ ಪಕ್ಕದ ಕಿರುಬಾಗಿಲು ತೆರೆದಿತ್ತು. ಹೊರಗೆ, ಗೇಟಿನ ಎದುರಿಗೇ, ನೆಲದ ಮೇಲೆ ಒಂದು ಸೀಮೆಎಣ್ಣೆ ಸ್ಟೌ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಪಾತ್ರೆ, ಕಾಗದದ ಪೊಟ್ಟಣದಲ್ಲಿ ಅಕ್ಕಿ.

“ಎಲ್ಲಿಂದ ತಂದೆ ಇದನ್ನ?”

“ಚೀಲದಕ್ಕನ ಹತ್ರ ಕಡ. ರೂಮಲ್ಲಿ ಹಚ್ಚಿದ್ರೆ ನಿನ್ನ ಮಾತು ಹೋಗುತ್ತಲ್ಲ. ಅದಕ್ಕೆ ಹೊರಗೆ ತಂದೆ. ನೀನು ಮುಟ್ಟಬೇಡ. ನಾನೇ ಹಚ್ತೀನಿ.”

ಹಚ್ಚಲು ಅವಳಿಗೆ ಬರುತ್ತಿರಲಿಲ್ಲ. ಕಡ್ಡಿ ಗೀರಿದ್ದೇ ಬೆಂಕಿ ಕಂಡು ಬೆಚ್ಚಿ ಕೈಬಿಡುತ್ತಿದ್ದಳು. ಒಂದು ಮುರಿಯಿತು, ಒಂದು ಗಾಳಿಗೆ ಆರಿತು, ಒಂದು ಅವಳ ಕಾಲ ಮೇಲೆ ಬಿತ್ತು. ಸುತ್ತ ಕರಕಲು ಕಡ್ಡಿ. ಮದುವೆಯ ವಯಸ್ಸಿಗೆ ಬರುತ್ತಿರುವ ಮಗಳಿಗೆ ಕಡ್ಡಿ ಗೀರಲು ಬಾರದು.

“ಲೋ ಗೇಟೂ! ಎಲ್ಲೋ ಹುಡುಗಿ? ಪಾತ್ರೆ ರಾಶಿ ಬಿದ್ದಿದೆ!” ಮೇಲಿನಿಂದ ಅಮ್ಮಾವರ ಕೂಗು.

ಮಗಳು ತಲೆ ಎತ್ತಲಿಲ್ಲ. ಇನ್ನೊಂದು ಕಡ್ಡಿ ತೆಗೆದಳು.

“ಕೊಡಿಲ್ಲಿ,” ಎಂದೆ.

“ಆಣೆ ಹಾಕಿದೀಯಲ್ಲಪ್ಪಾ.”

“ನಿನ್ನ ತಲೆ ಮೇಲೆ ಹಾಕಿದ್ದು.”

ಅವಳು ನನ್ನನ್ನೇ ನೋಡಿದಳು. “ಹಾಗಾದ್ರೆ ಹಚ್ಚು,” ಎಂದಳು. “ನಂಗೇನಾಗುತ್ತೋ ಆಗ್ಲಿ. ಆ ಮನೆಗೆ ಹೋದ್ರೂ ಆಗೋದೇ.”

ಕೈ ಅಡ್ಡ ಹಿಡಿದು ಗೀರಿದೆ. ಬತ್ತಿ ಹೊತ್ತಿಕೊಂಡಿತು. ಕರಿಹೊಗೆ ಎದ್ದು ಗೇಟಿನ ಸರಳುಗಳ ನಡುವೆ ಒಳಕ್ಕೆ ಹೋಯಿತು.

ನೀರು ಎಷ್ಟು ಹಾಕಬೇಕೆಂದು ನನಗೆ ನೆನಪಿಲ್ಲ, ಅವಳಿಗೆ ಗೊತ್ತಿಲ್ಲ. ಅನ್ನ ಮೇಲೆ ಮುದ್ದೆಯಾಯಿತು, ಒಳಗೆ ಅಕ್ಕಿಯಾಗೇ ಉಳಿಯಿತು, ತಳ ಹತ್ತಿತು. ಇಳಿಸಿದವನೇ, ಆರಿದ್ದನ್ನೇ ತಿಂದ ಅಭ್ಯಾಸದಿಂದ, ಮುಚ್ಚಳ ತೆಗೆದು ಆರಲು ಇಟ್ಟೆ.

“ಆರಿಸಬೇಡ!” ಎಂದು ಮಗಳು ಕಿರುಚಿದಳು. ಹೊಗೆಯಾಡುವುದನ್ನೇ ಎರಡು ತಟ್ಟೆಗೆ ಹಾಕಿದಳು. “ಅಂಚಿನಿಂದ ತಗೋ. ಸ್ವಲ್ಪವೇ ತಗೋ. ಊದು. ಚೀಲದಕ್ಕ ಹೇಳಿಕೊಟ್ಟಳು.”

ಒಳಗಿನಿಂದ ಯಜಮಾನರ ಕಾರು ಬಂದು ಗೇಟಿಗೆ ಮೂತಿ ಇಟ್ಟು ನಿಂತಿತು. ಹಾರ್ನು. ಗೇಟಿನ ಬೀಗದಕೈ ನನ್ನ ಸೊಂಟದಲ್ಲಿತ್ತು.

“ಗೇಟು ತೆಗಿಯೋ ಸೂಳೆಮಗನೇ! ಕಣ್ಣು ಹೋಗಿದೆಯೇನೋ? ಎಲ್ಲಿ ಬೆಂಕಿ ಹಾಕ್ತಿದೀಯಾ?”

ಆ ಹಾರ್ನಿಗೆ ನನ್ನ ಕಾಲು ತಾನಾಗಿ ಏಳುತ್ತದೆ. ಎದ್ದಿತು ಕೂಡ. ಮಗಳು ನನ್ನ ತಟ್ಟೆಯನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದಳು. ಕೂತೆ. ಗಡಿಬಿಡಿಯಲ್ಲಿ ಅಂಚು ಮರೆತು ನಡುವಿಗೇ ಕೈ ಹಾಕಿದೆ. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಉಗುಳಲಿಲ್ಲ. ಬೀದಿಯವರು ನಿಂತು ನೋಡುತ್ತಿದ್ದರು. ಹಾಲಿನವನು ಸೈಕಲ್ಲು ನಿಲ್ಲಿಸಿದ. ಹಾರ್ನು ನಿಲ್ಲದೆ ಬಡಿದುಕೊಳ್ಳುತ್ತಿತ್ತು.

ಮಗಳು ಊದಿ ಊದಿ, ಅಂಚಿನಿಂದ, ನಿಧಾನವಾಗಿ ತಿಂದಳು. ತನ್ನ ತಟ್ಟೆ ತೊಳೆದು ಬೋರಲು ಹಾಕಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಯಾರ ಕಡೆಗೂ ನೋಡದೆ, ಚೀಲದ ಶೆಡ್ಡಿನ ಕಡೆಗೆ ನಡೆದಳು.

ನಾನು ಎರಡನೆಯ ತುತ್ತು ಊದುತ್ತಿದ್ದೆ. ಸಂಜೆಗೆ ರೂಮು ಇರುವುದಿಲ್ಲ. ಸ್ಟೌ ವಾಪಸು ಕೊಡಬೇಕು.

ಅಮ್ಮಾವರು ತಾವು ಕೊಟ್ಟ ಮಾತಿಗೆ ಒಂದು ದಿನವೂ ತಪ್ಪಿರಲಿಲ್ಲ. ಒಲೆ ಹಚ್ಚುವುದಿಲ್ಲ ಎಂದು ನಾನು ಕೊಟ್ಟ ಮಾತನ್ನು ಮುರಿದೆ.