ಮರ ಹತ್ತುವವನ ಬಾಶಿಂಗ

ಮಳೆಗಾಲ ಬಾಗಿಲಿಗೆ ಬಂತೆಂದರೆ ಮುಂಬೈ ಹೊರವಲಯದಲ್ಲಿ ಠಾಣೆಯಿಂದ ಟಿಟ್ವಾಳಾದವರೆಗೆ ಎಲ್ಲ ವಸತಿ ಸೊಸೈಟಿಗಳಿಗೂ ತಮ್ಮ ಅಂಗಳದ ಮರ ನೆನಪಾಗುತ್ತದೆ. ವರ್ಷವಿಡೀ ಅದರ ನೆರಳಿನಲ್ಲಿ ಕಾರು ನಿಲ್ಲಿಸಿದವರೇ ಆಗ ಕತ್ತೆತ್ತಿ ನೋಡಿ, "ಅಯ್ಯೋ, ಈ ಟೊಂಗೆ ಬಿದ್ದರೆ ಗತಿಯೇನು?" ಎಂದು ಗಾಬರಿಯಾಗುತ್ತಾರೆ. ಆಗ ಮಾಪಣ್ಣನ ಫೋನು ಬಡಿದುಕೊಳ್ಳತೊಡಗುತ್ತದೆ.

ಕಲಬುರಗಿ ಕಡೆಯ ಮಾಪಣ್ಣ ಮರ ಹತ್ತುವುದರಲ್ಲಿ ಎತ್ತಿದ ಕೈ. ಮನೆ ಟಿಟ್ವಾಳಾದ ಚಾಳಿನ ಸಾಲುಮನೆಗಳಲ್ಲಿ. ಬರಿಗಾಲು, ನಡುವಿಗೆ ಬಿಗಿದ ಟವೆಲ್ಲು, ದವಡೆಯಲ್ಲಿ ತಂಬಾಕು, ಇಷ್ಟೇ ಅವನ ಸಿದ್ಧತೆ. ಗುತ್ತಿಗೆದಾರ ಕೊಟ್ಟ ಸಾಮಾನು ಇರಲಿಲ್ಲವೆಂದಲ್ಲ. ಹಳದಿ ಹೆಲ್ಮೆಟ್ಟು ಗೋಡೆಯ ಮೊಳೆಗೆ ತೂಗಾಡುತ್ತಿತ್ತು, ಅದರ ತುಂಬ ಉಳ್ಳಾಗಡ್ಡಿ. ಸೇಫ್ಟಿ ಬೆಲ್ಟಿನಿಂದ ನೀರಿನ ಡ್ರಮ್ಮು ಬಿಗಿದಿದ್ದರು. ಹೊಸ ಹಗ್ಗದ ಮೇಲೆ ಹೆಂಡತಿ ದ್ರೌಪದಿಯ ಸೀರೆಗಳು ಬಿಸಿಲು ಕಾಯುತ್ತಿದ್ದವು.

ಈ ಸಲ ಫೋನು ಬಡಿದುಕೊಂಡರೂ ಮಾಪಣ್ಣ ಎತ್ತಲಿಲ್ಲ. ಅಳಿಯ ಆಕಾಶ ತಲೆಗೆ ಹೊಲಿಗೆ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅದೇ ಮನೆಯಲ್ಲಿ ಮಲಗಿದ್ದ. ಮಗಳು ಜ್ಯೋತಿ ಗಂಡನನ್ನು ಆಸ್ಪತ್ರೆಯಿಂದ ನೇರ ತವರಿಗೇ ಕರೆತಂದಿದ್ದಳು.

ಆದದ್ದು ಹೀಗೆ. ಸಾನಪಾಡಾದ ಒಂದು ಸೊಸೈಟಿಯಲ್ಲಿ ದೊಡ್ಡ ಗುಲ್‌ಮೊಹರ್ ಮರ. ಮಾಪಣ್ಣ ಮೇಲಿನ ಕವಲಿನಲ್ಲಿ ಕೂತಿದ್ದ. ಕೆಳಗೆ ಏಣಿಯ ಮೇಲೆ ಆಕಾಶ, ಅವನ ಕೈಯಲ್ಲಿ ಮರ ಕೊಯ್ಯುವ ಪೆಟ್ರೋಲ್ ಮಶೀನು. ಮೊದಲು ಟೊಂಗೆಗೆ ಹಗ್ಗ ಕಟ್ಟಬೇಕು, ಆಮೇಲೆ ಕೊಯ್ದು ನಿಧಾನಕ್ಕೆ ಇಳಿಸಬೇಕು. ಮಾಪಣ್ಣ ಮೇಲಿನಿಂದ ಹಗ್ಗ ಇಳಿಬಿಟ್ಟು "ಕಟ್ಟು! ಕಟ್ಟು!" ಎಂದು ಕೂಗಿದ. ಆಕಾಶ ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ, ಕನ್ನಡ ಅರ್ಧಂಬರ್ಧ. ಮಶೀನಿನ ಗದ್ದಲದಲ್ಲಿ ಅವನಿಗೆ ಕೇಳಿದ್ದು "ಕಟ್! ಕಟ್!" ಕೊಯ್ದೇಬಿಟ್ಟ. ಕಟ್ಟದ ಟೊಂಗೆ ಜೋಲಿ ಹೊಡೆದು ಅವನ ತಲೆ ಸವರಿ, ಏಣಿಗೆ ಬಡಿಯಿತು. ಏಣಿಯ ಜೊತೆಗೆ ಅವನೂ ಬಿದ್ದ. ಮಶೀನು ಅತ್ತ ಹಾರಿ ಬಿದ್ದದ್ದು ಪುಣ್ಯ.

ನೋಡಲು ಬಂದವರಿಗೆಲ್ಲ ಮಾಪಣ್ಣ ಇದನ್ನೇ ಹೇಳುತ್ತಿದ್ದ. "ನಾ ಕಟ್ಟು ಅಂದೆ, ಆಂವ ಕಟ್ ಅಂತ ಕೇಳ್ದ. ಏನ್ಮಾಡ್ತೀರಿ, ನಮ್ಮ ಅಳಿಯಗ ಕನ್ನಡಾನೇ ಬರಲ್ಲ!" ಬಂದವರು ನಗುತ್ತಿದ್ದರು. ಮಲಗಿದ ಆಕಾಶನೂ ಹೊಲಿಗೆ ಎಳೆಯದಂತೆ ಮೆಲ್ಲಗೆ ನಗುತ್ತಿದ್ದ. ಜ್ಯೋತಿ ಮಾತ್ರ ನಗುತ್ತಿರಲಿಲ್ಲ.

ಏಕೆಂದರೆ ಮಾಪಣ್ಣ ಒಂದು ಸಂಗತಿಯನ್ನು ಬಿಟ್ಟು ಹೇಳುತ್ತಿದ್ದ. ಅಂದು ಬೆಳಿಗ್ಗೆ ಮಾವನ ಮನೆಯಿಂದ ಹೊರಡುವಾಗ ಆಕಾಶ ಉಳ್ಳಾಗಡ್ಡಿ ಸುರಿದು ಹೆಲ್ಮೆಟ್ಟು ಕೈಗೆತ್ತಿಕೊಂಡಿದ್ದ. ಮಾಪಣ್ಣ ಜೊತೆಗಾರರ ಎದುರಿಗೇ, "ಏನಪ್ಪಾ, ಬಾಶಿಂಗ ಕಟ್ಕೊಂಡು ಮತ್ತೊಂದು ಮದುವಿಗಿ ಹೊಂಟೀಯೇನು?" ಎಂದು ಗೇಲಿ ಮಾಡಿದ್ದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆಕಾಶ ಹೆಲ್ಮೆಟ್ಟನ್ನು ಮರಳಿ ಮೊಳೆಗೆ ಹಾಕಿದ. ಸುರಿದ ಉಳ್ಳಾಗಡ್ಡಿಯನ್ನು ತಿರುಗಿ ಅದರಲ್ಲಿ ತುಂಬಿದವಳು, ಅಂದು ತವರಿಗೆ ಬಂದಿದ್ದ ಜ್ಯೋತಿ.

"ಅಪ್ಪಾ," ಎಂದಳು ಅವಳು ಒಂದು ದಿನ, "ಅವ್ರಿಗೆ ಕನ್ನಡ ಬರಲ್ಲ ಅಂತ ಊರಿಗೆಲ್ಲಾ ಸಾರ್ತಿ. ಹೆಲ್ಮೆಟ್‌ಗೂ ಕನ್ನಡ ಬರ್ತಿದ್ದಿಲ್ಲೇನು? ಇನ್ನ ಮ್ಯಾಲ ಅವ್ರು ನಿನ್ನ ಜೊತಿ ಗಿಡದ ಕೆಲಸಕ್ಕ ಬರಲ್ಲ. ನಾ ಕಳಸಲ್ಲ."

ಮಾಪಣ್ಣ ಮಗಳ ಮುಖ ತಪ್ಪಿಸಿ ಎದ್ದ. ಮುರಿದ ಮಶೀನು ಚೀಲಕ್ಕೆ ಹಾಕಿಕೊಂಡು ರಿಪೇರಿಯ ನೆಪದಲ್ಲಿ ಕಲ್ಯಾಣದ ರೈಲು ಹಿಡಿದ.

ಕಲ್ಯಾಣದಲ್ಲಿ ಮಶೀನು ರಿಪೇರಿ ಮಾಡುವ ಗುಣಪಾಲ ಅವನ ಹಳೆಯ ಪರಿಚಯ, ಕಾರ್ಕಳ ಕಡೆಯವನು. ಮಾಪಣ್ಣ ಅಲ್ಲೂ ತನ್ನ ಕಥೆ ಶುರು ಹಚ್ಚಿದ. "ಹುಡುಗಗ ಕನ್ನಡ..."

ಗುಣಪಾಲ ಮಶೀನು ತಿರುವಿ ನೋಡುತ್ತಲೇ ತಡೆದ. "ಮಶೀನ್ ಓಡುವಾಗ ಯಾರಿಗೂ ಯಾವ ಭಾಷೆಯೂ ಕೇಳುದಿಲ್ಲ ಮಾರಾಯ್ರೆ. ಅದು ಬಂದ್ ಆದ ಮೇಲೆಯೇ ಮಾತಾಡ್ಬೇಕು. ಅದಿರಲಿ, ಇದರ ಚೈನ್ ಬ್ರೇಕ್ ಎಲ್ಲಿ ಉಂಟು?"

"ಅದು ಹಿಂದೇ ಮುರದದ. ತಂತಿ ಸುತ್ತೀನಿ."

"ತಂತಿ ಸುತ್ತಿದ್ರಾ! ಮಶೀನ್ ಒದ್ದು ಮೇಲೆ ಹಾರಿದ್ರೆ ಚೈನನ್ನು ನಿಲ್ಲಿಸುದೇ ಆ ಬ್ರೇಕು. ಇಲ್ಲದಿದ್ರೆ ಅದು ಸೀದಾ ನಿಮ್ಮ ಕುತ್ತಿಗೆಗೇ ಬರ್ತದೆ. ಮತ್ತೆ ಏಣಿ ಮೇಲೆ ನಿಂತು ಮಶೀನ್ ಓಡಿಸುದು ಅಂದ್ರೆ ಎಂತ? ಏಣಿ ಇರುದು ಹತ್ತಿ ಇಳಿಲಿಕ್ಕೆ. ಮೇಲೆ ಸಣ್ಣ ಟೊಂಗೆಗೆ ಕೈಗರಗಸ ಸಾಕು. ದೊಡ್ಡದಾದ್ರೆ ತೊಟ್ಟಿಲು ಇರುವ ಕ್ರೇನ್ ತರಿಸ್ಲಿಕ್ಕೆ ಸೊಸೈಟಿಯವರಿಗೆ ಹೇಳಿ."

"ನಮ್ಮಪ್ಪ ಬರಿಗಾಲಿಲೆ ಹತ್ತತಿದ್ದ. ನಾನೂ ಹಂಗೇ. ಬೆಲ್ಟ್ ಹಾಕ್ಕೊಂಡ್ರ ಕೈಕಾಲೇ ಆಡಲ್ಲ," ಎಂದ ಮಾಪಣ್ಣ. ಸೋತವನ ಹಟ ಅದು, ದನಿಯಲ್ಲಿ ಬಲವಿರಲಿಲ್ಲ.

"ನಿಮ್ಮ ಅಪ್ಪನ ಕೈಯಲ್ಲಿ ಕೊಡಲಿ ಇತ್ತು. ಇದು ಕಣ್ಣು ಮಿಟುಕಿಸುವುದರೊಳಗೆ ಮೂಳೆ ಕೊಯ್ತದೆ. ಬೆಲ್ಟ್ ನಾಲ್ಕು ದಿನ ಕಟ್ಟಿದ್ರೆ ರೂಢಿ ಆಗ್ತದೆ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಗಟ್ಟಿ ಬೂಟು. ಕರೆಂಟ್ ತಂತಿ ಹತ್ತಿರ ಉಂಟಾದ್ರೆ ಲೈನ್ ಬಂದ್ ಆಗದೆ ಹತ್ತಲೇಬಾರ್ದು. ಟೊಂಗೆ ಬೀಳುವ ಜಾಗದಲ್ಲಿ ಒಂದು ನರಪಿಳ್ಳೆಯೂ ನಿಲ್ಲಬಾರ್ದು. ಮನುಷ್ಯನ ಜೀವ ಹಿಡಿಯುವ ಹಗ್ಗ ಬೇರೆಯೇ ಇರ್ಲಿ. ಬಿಸಿಲಲ್ಲಿ ಒಣಗಿದ ಹಗ್ಗವನ್ನು ನಂಬಬೇಡಿ."

ದ್ರೌಪದಿಯ ಸೀರೆಗಳು ಮಾಪಣ್ಣನ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ಅವನು ನೆಲ ನೋಡುತ್ತ, "ಹೆಲ್ಮೆಟ್ ಇದ್ದಿದ್ರ ಆಕಾಶನ ತಲಿ ಉಳೀತಿತ್ತೇನ್ರಿ?" ಎಂದು ಕೇಳಿದ.

"ಕೈ ಮುರೀತಿತ್ತೋ ಏನೋ. ತಲೆಗೆ ಹೊಲಿಗೆ ಬೀಳ್ತಿರ್ಲಿಲ್ಲ," ಎಂದ ಗುಣಪಾಲ.

ವಾಪಸು ಬರುವಾಗ ರೈಲಿನಲ್ಲಿ ಯಾರೋ ಸರಿದು ಜಾಗ ಕೊಟ್ಟರು. ಮಾಪಣ್ಣ ಕೂರಲಿಲ್ಲ. ಯಾರ ಉಪಕಾರಕ್ಕೂ ತಾನು ಯೋಗ್ಯನಲ್ಲ ಎನಿಸಿತ್ತು ಅವನಿಗೆ.

ಮನೆಯಲ್ಲಿ ನೆರೆಮನೆಯ ಚಂದ್ರಬಾಯಿ ಬಂದು ಕೂತಿದ್ದಳು. "ಬಾ ಮಾಪಣ್ಣಾ, ಆ ಕಟ್ಟು-ಕಟ್ ಕಥಿ ಹೇಳು. ನನ್ನ ತಂಗಿ ಕೇಳಿಲ್ಲ," ಎಂದಳು.

ಮಾಪಣ್ಣ ಬಾಯಿ ತೆರೆಯುವ ಮೊದಲೇ ಆಕಾಶ, "ಮೇರೀಚ್ ಗಲತೀ ಥೀ ಮಾವಶಿ. ಮುಝೆ ಕನ್ನಡ ನಹೀಂ ಆತಾ ನಾ," ಎಂದ, ಕನ್ನಡ ಬಾರದ ತನ್ನದೇ ತಪ್ಪು ಎಂದು. ಆಮೇಲೆ ಮಾವನ ಕಡೆ ನೋಡದೆ ತನ್ನ ಒಡ್ಡೊಡ್ಡು ಕನ್ನಡದಲ್ಲಿ ಸೇರಿಸಿದ: "ಬಾಶಿಂಗ ಮಾತ್ರ ಬರಾಬರ್ ತಿಳೀತು ಮಾಮಾ. ಮರಾಠಿಯಲ್ಲೂ ಬಾಶಿಂಗಚ್ ಅಂತಾರೆ."

ಮಾಪಣ್ಣನ ಕಿವಿ ಬಿಸಿಯಾಯಿತು. ಇಷ್ಟು ದಿನ ಹುಡುಗ ಪಾಪ, ತಿಳಿಯದೆ ನಗುತ್ತಾನೆ ಎಂದುಕೊಂಡಿದ್ದ. ಹುಡುಗ ಎಲ್ಲ ತಿಳಿದೇ ಮಾವನ ಮಾನ ಕಾಯುತ್ತಿದ್ದ.

"ಚಂದ್ರಬಾಯಿ, ಆ ಕಥಿ ಸುಳ್ಳು," ಎಂದ ಮಾಪಣ್ಣ. "ಆಂವ ಹೆಲ್ಮೆಟ್ ಹಾಕ್ಕೊಳ್ಳಾಕ ಹೋಗಿದ್ದ. ನಾಲ್ಕು ಮಂದಿ ಮುಂದ ನಗಿಗೇಡು ಮಾಡಿ ತೆಗಸ್ದವ ನಾನು. ಏಣಿ ಮ್ಯಾಲ ಮಶೀನ್ ಕೊಟ್ಟವ ನಾನು. ಮಶೀನ್ ಓಡೂ ಮುಂದ ಕೂಗಿದವನೂ ನಾನೇ. ತಪ್ಪು ಕನ್ನಡದ್ದಲ್ಲ, ನಂದು."

ಎದ್ದು ಹೋಗಿ ಮೊಳೆಯಿಂದ ಹೆಲ್ಮೆಟ್ಟು ಇಳಿಸಿ, ಉಳ್ಳಾಗಡ್ಡಿಯನ್ನು ದ್ರೌಪದಿಯ ಬುಟ್ಟಿಗೆ ಸುರಿದ. ಜ್ಯೋತಿ ಸಿಪ್ಪೆ ಅಂಟಿದ ಹೆಲ್ಮೆಟ್ಟನ್ನು ಅಪ್ಪನ ಕೈಯಿಂದ ತೆಗೆದುಕೊಂಡು ತನ್ನ ಸೆರಗಿನಿಂದ ಒರೆಸಿದಳು.

ಆಕಾಶನ ಕೈ ಕೂಡಿ, ಡಾಕ್ಟರು ಹೂಂ ಎಂದ ಮೇಲೆ ಡೊಂಬಿವಲಿಯಲ್ಲಿ ಒಂದು ಕೆಲಸ ಬಂತು. ಟೊಂಗೆ ಕಡಿಯಲು ಪಾಲಿಕೆಯ ಪರವಾನಗಿ ಬಂದಿದೆಯೇ ಎಂದು ಮಾಪಣ್ಣ ಮೊದಲು ಕೇಳಿದ. ಹೊಸ ಬೆಲ್ಟು, ಹೊಸ ಹಗ್ಗ, ಇನ್ನೊಂದು ಹೆಲ್ಮೆಟ್ಟು, ಬ್ರೇಕು ಕೂರಿಸಿದ ಮಶೀನು, ದೊಡ್ಡ ಟೊಂಗೆಗೆ ಕ್ರೇನು. "ಕಟ್ಟು" ಎಂಬ ಮಾತನ್ನು ಕೆಲಸದಿಂದಲೇ ತೆಗೆದುಹಾಕಿದರು. ಕಟ್ಟುವುದಕ್ಕೆ "ಗಾಂಠ್" ಎನ್ನಬೇಕು, ಕೂಗುವುದು ಮಶೀನು ಬಂದ್ ಆದ ಮೇಲೆ, ಸೀಟಿ ಕೇಳಿದರೆ ಎಲ್ಲರೂ ಕೈ ನಿಲ್ಲಿಸಬೇಕು. ಇದನ್ನು ಗೊತ್ತು ಮಾಡಿದವನು ಆಕಾಶನೇ.

ಜ್ಯೋತಿ ಗಂಡನನ್ನು ಕಳಿಸಲು ತಾನೇ ಬಂದು ಮರದ ಬುಡದಲ್ಲಿ ನಿಂತಿದ್ದಳು. ಮಾಪಣ್ಣ ಜೊತೆಗಾರರೆಲ್ಲರ ಎದುರಿಗೆ ಹೆಲ್ಮೆಟ್ಟನ್ನು ಅಳಿಯನ ತಲೆಗಿಟ್ಟು, ಗದ್ದದ ಪಟ್ಟಿಯನ್ನು ತಾನೇ ಬಿಗಿದ. ತನ್ನದನ್ನೂ ತಲೆಗಿಟ್ಟುಕೊಂಡ.

"ಮಾಮಾ, ನಿಮ್ಮ ಪಟ್ಟಿ ಸಡಿಲ," ಎಂದ ಆಕಾಶ. "ಬಾಶಿಂಗ ಕಟ್ಟು!"

ಈ ಸಲ ನಕ್ಕವರಲ್ಲಿ ಜ್ಯೋತಿಯೂ ಇದ್ದಳು.

ಅಣ್ಣಂದಿರೇ, ಅಕ್ಕಂದಿರೇ, ಈಗ ನಿಮ್ಮ ಮನೆಯ ಗೋಡೆ ನೋಡಿ. ನಿಮ್ಮ ಹೆಲ್ಮೆಟ್ಟಿನಲ್ಲಿ ಏನಿದೆ? ಉಳ್ಳಾಗಡ್ಡಿಯೋ, ಬಟ್ಟೆಯ ಕ್ಲಿಪ್ಪೋ, ಏನೇ ಇರಲಿ, ಇವತ್ತೇ ಸುರಿಯಿರಿ. ಬೆಲ್ಟು ಬಿಚ್ಚಿ ತನ್ನಿ, ಹಗ್ಗ ಎಳೆದು ನೋಡಿ, ಮಶೀನಿನ ಬ್ರೇಕು ಹಿಡಿಯುತ್ತದೆಯೇ ಪರೀಕ್ಷಿಸಿ. ಜೊತೆಯವರು ಹೆಲ್ಮೆಟ್ಟಿಗೆ ಕೈ ಹಾಕಿದಾಗ ಗೇಲಿ ಮಾಡಬೇಡಿ. ತಲೆಯ ಹೊಲಿಗೆ ಬಿಚ್ಚುತ್ತಾರೆ, ಆಡಿದ ಮಾತನ್ನು ಯಾವ ಡಾಕ್ಟರೂ ಬಿಚ್ಚಲಾರ. ಮಾಪಣ್ಣನನ್ನು ಕೇಳಿ, ಅವನೇ ಹೇಳುತ್ತಾನೆ.